ಫೋಲ್ಡರ್ ನಕಲು ಮಾಡಿಟ್ಟರೆ ಆಟ ಉಳಿಯುವುದಿಲ್ಲ: ಹಳೆಯ ಸಿಮ್ಯುಲೇಟರ್ ಇಟ್ಟುಕೊಂಡವರಿಗೆ ಒಂದು ಎಚ್ಚರಿಕೆ

ಹಳೆಯ ಕಂಪ್ಯೂಟರಿಗೆ ವಿಂಡೋಸನ್ನು ಹೊಸದಾಗಿ ಹಾಕಿಸಬೇಕೆಂದಿರುವವರು, ಅದರಲ್ಲಿ ಹತ್ತು ಹದಿನೈದು ವರ್ಷ ಹಿಂದಿನ ಸಿಮ್ಯುಲೇಷನ್ ಆಟವೇನಾದರೂ ಇದ್ದರೆ, ಅಂಗಡಿಗೆ ಹೊರಡುವ ಮೊದಲು ಇದನ್ನು ಓದಬೇಕೆಂದು ಕೋರುತ್ತೇನೆ. ಒಂಬತ್ತು ವರ್ಷ ಕೂಡಿಟ್ಟದ್ದನ್ನು ನಾನು ಒಂದೇ ಮಧ್ಯಾಹ್ನದಲ್ಲಿ ಕಳೆದುಕೊಂಡೆ, ಅದೂ ಬ್ಯಾಕಪ್ ತೆಗೆದಿದ್ದೇನೆಂಬ ಧೈರ್ಯದಲ್ಲಿಯೇ.

ಆಟ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಎಕ್ಸ್, ವಿಮಾನ ಹಾರಿಸುವಂಥದ್ದು. 2011ರಲ್ಲಿ ಕೊಂಡ ಡೀಲಕ್ಸ್ ಆವೃತ್ತಿ, ಎರಡು ಡಿವಿಡಿಗಳದ್ದು. ಇದು ಬಿಡುಗಡೆಯಾದದ್ದು 2006ರ ಅಕ್ಟೋಬರಿನಲ್ಲಿ. ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದದ್ದು 2008ರ ಮೇ ತಿಂಗಳಿನಲ್ಲಿ. ಆದ್ದರಿಂದ ಈ ಆಟದ ಬೆಂಗಳೂರಿನಲ್ಲಿ ಇಂದಿಗೂ ಹಳೆಯ ಎಚ್‌ಎಎಲ್ ನಿಲ್ದಾಣದಲ್ಲಿಯೇ ಇಳಿಯಬೇಕು. ನನಗೆ ಅದು ಕೊರತೆಯೆಂದು ಎಂದೂ ಅನ್ನಿಸಲಿಲ್ಲ, ಹಳೆಯ ಊರಿಗೆ ಹೋಗಿ ಬಂದಂತಾಗುತ್ತಿತ್ತು. ಒಂಬತ್ತು ವರ್ಷದ ಹಾರಾಟದ ಗಂಟೆಗಳೆಲ್ಲ ಆಟದ ಲಾಗ್‌ಬುಕ್ಕಿನಲ್ಲಿ ದಾಖಲಾಗಿದ್ದವು.

2020ರ ಜನವರಿಯಲ್ಲಿ ವಿಂಡೋಸ್ 7ಕ್ಕೆ ಬೆಂಬಲ ನಿಂತಾಗ, ವಿಂಡೋಸ್ 10 ಹಾಕಿಸಲೆಂದು ನಮ್ಮ ಬಡಾವಣೆಯ ದುರಸ್ತಿ ಅಂಗಡಿಗೆ ಕಂಪ್ಯೂಟರನ್ನು ಒಯ್ದೆ. ಹೊರಡುವ ಮೊದಲು ಪ್ರೋಗ್ರಾಂ ಫೈಲ್ಸ್ ಒಳಗಿದ್ದ ಆಟದ ಫೋಲ್ಡರನ್ನು ಇಡಿಯಾಗಿ ಹೊರಗಿನ ಡಿಸ್ಕಿಗೆ ನಕಲು ಮಾಡಿದ್ದೆ. ನನ್ನ ಪತ್ರಗಳು, ಫೋಟೋಗಳು ಮೊದಲಿನಿಂದಲೂ ಡಿ ಡ್ರೈವಿನಲ್ಲಿದ್ದವು. ಅಂಗಡಿಯ ಹುಡುಗ, “ಸರ್, ಸಿ ಡ್ರೈವ್ ಫಾರ್ಮ್ಯಾಟ್ ಮಾಡ್ತೀನಿ, ಡಾಕ್ಯುಮೆಂಟ್ಸ್ ಏನಾದ್ರೂ ಬೇಕಾ?” ಎಂದು ಎರಡು ಸಲ ಕೇಳಿದ. ಎರಡು ಸಲವೂ ಬೇಡವೆಂದೆ. ಆದ್ದರಿಂದ ಅವನ ಮೇಲೆ ನನ್ನ ದೂರೇನೂ ಇಲ್ಲ.

ಮನೆಗೆ ಬಂದು ಫೋಲ್ಡರನ್ನು ಮೊದಲಿದ್ದ ಜಾಗಕ್ಕೇ ಹಾಕಿದರೆ ಆಟ ತೆರೆಯಲೇ ಇಲ್ಲ. ಈ ಆಟ ಒಂದೇ ಫೋಲ್ಡರಿನಲ್ಲಿ ಬದುಕುವುದಿಲ್ಲವೆಂಬುದು ನನಗೆ ಆಗ ಗೊತ್ತಾಯಿತು. ವಿಮಾನಗಳು ಮತ್ತು ಭೂದೃಶ್ಯಗಳು ಪ್ರೋಗ್ರಾಂ ಫೈಲ್ಸ್‌ನಲ್ಲಿರುತ್ತವೆ, ನಿಜ. ಆದರೆ ಉಳಿಸಿಟ್ಟ ಹಾರಾಟಗಳೂ ಲಾಗ್‌ಬುಕ್ಕೂ ಇರುವುದು ಡಾಕ್ಯುಮೆಂಟ್ಸ್ ಒಳಗಿನ ‘ಫ್ಲೈಟ್ ಸಿಮ್ಯುಲೇಟರ್ ಎಕ್ಸ್ ಫೈಲ್ಸ್’ ಎಂಬ ಫೋಲ್ಡರಿನಲ್ಲಿ. ಚಿತ್ರದ ಗುಣಮಟ್ಟ ಮೊದಲಾದ ಆಯ್ಕೆಗಳ ಕಡತವಾದ ಎಫ್‌ಎಸ್‌ಎಕ್ಸ್ ಡಾಟ್ ಸಿಎಫ್‌ಜಿ ಇರುವುದು ಬಳಕೆದಾರನ ಹೆಸರಿನಡಿ ಸಾಮಾನ್ಯವಾಗಿ ಕಣ್ಣಿಗೆ ಬೀಳದಂತೆ ಅಡಗಿರುವ ಆಪ್‌ಡೇಟಾದ ರೋಮಿಂಗ್ ಫೋಲ್ಡರಿನಲ್ಲಿ. ಯಾವ ಯಾವ ಭೂದೃಶ್ಯಗಳನ್ನು ಯಾವ ಕ್ರಮದಲ್ಲಿ ತೋರಿಸಬೇಕೆಂಬ ಪಟ್ಟಿ ಇರುವುದು ಮತ್ತೊಂದು ಅಡಗಿದ ಜಾಗವಾದ ಪ್ರೋಗ್ರಾಂಡೇಟಾದಲ್ಲಿ. ಇವೆಲ್ಲದರ ಜೊತೆಗೆ ಆಟ ಎಲ್ಲಿ ಸ್ಥಾಪಿತವಾಗಿದೆಯೆಂಬ ವಿಳಾಸ, ವಿಂಡೋಸ್ ತನ್ನ ಮಾಹಿತಿ ಬರೆದಿಡುವ ರಿಜಿಸ್ಟ್ರಿಯಲ್ಲಿ ನಮೂದಾಗಿರುತ್ತದೆ. ಬೇರೆಯವರು ತಯಾರಿಸಿದ ವಿಮಾನಗಳ ಸ್ಥಾಪಕಗಳು ಅದನ್ನೇ ಹುಡುಕುತ್ತವೆ, ಸಿಗದಿದ್ದರೆ ಆಟವೇ ಇಲ್ಲವೆಂದು ಹಿಂದಿರುಗುತ್ತವೆ. ಐದು ಜಾಗಗಳಲ್ಲಿ ನಾನು ಕಾಪಾಡಿದ್ದು ಒಂದನ್ನು, ಅದೂ ಡಿವಿಡಿಯಿಂದ ಬಹುಪಾಲು ಮತ್ತೆ ಪಡೆಯಬಹುದಾಗಿದ್ದ ಜಾಗವನ್ನು.

ಅಲ್ಲಿಗೆ ನಿಲ್ಲಿಸದೆ ಇನ್ನೊಂದು ತಪ್ಪನ್ನೂ ಮಾಡಿದೆ. ಡಿವಿಡಿಯಿಂದ ಹೊಸದಾಗಿ ಸ್ಥಾಪಿಸಿ, ಅದರ ಮೇಲೆ ಹಳೆಯ ಫೋಲ್ಡರನ್ನು ಸುರಿದೆ. ಹಳೆಯದಕ್ಕೆ 2007ರಲ್ಲಿ ಬಂದ ಎರಡೂ ಸರ್ವಿಸ್ ಪ್ಯಾಕ್‌ಗಳು (ತಯಾರಕರ ತಿದ್ದುಪಡಿಗಳು) ಸೇರಿದ್ದವು, ಹೊಸದಕ್ಕೆ ಒಂದೂ ಸೇರಿರಲಿಲ್ಲ. ಎರಡು ಆವೃತ್ತಿಗಳು ಬೆರೆತು, ಎಲ್ಲವನ್ನೂ ತೆಗೆದು ಮೊದಲಿನಿಂದ ಹಾಕಬೇಕಾಯಿತು. ಮೂಲ ಆಟ, ಒಂದು ಸಲ ತೆರೆದು ಸಕ್ರಿಯಗೊಳಿಸುವುದು, ಮೊದಲ ಸರ್ವಿಸ್ ಪ್ಯಾಕ್, ಎರಡನೆಯದು, ಆಮೇಲೆ ಉಳಿದ ವಿಮಾನಗಳು: ಈ ಕ್ರಮವನ್ನು ತಪ್ಪಿಸಬೇಡಿ. ಸ್ಥಾಪಿಸುವಾಗ ಪ್ರೋಗ್ರಾಂ ಫೈಲ್ಸ್ ಬಿಟ್ಟು ನೀವೇ ಮಾಡಿದ ಬೇರೆ ಫೋಲ್ಡರನ್ನು ತೋರಿಸಿ.

ಇದಕ್ಕೆ ಕಾರಣವನ್ನು ಇನ್ನೊಂದು ಆಟ ಕಲಿಸಿತು. ನನ್ನ ತಂಗಿಯ ರೋಲರ್‌ಕೋಸ್ಟರ್ ಟೈಕೂನ್ 2 (2002ರದ್ದು) ಕಟ್ಟಿದ ಪಾರ್ಕುಗಳನ್ನು ತನ್ನ ಸ್ಥಾಪನೆಯ ಫೋಲ್ಡರಿನೊಳಗೇ ಬರೆಯುವ ಕಾಲದ ಆಟ. ವಿಂಡೋಸ್ ವಿಸ್ಟಾದಿಂದೀಚೆಗೆ ಪ್ರೋಗ್ರಾಂ ಫೈಲ್ಸ್ ಒಳಗೆ ಹಾಗೆ ಬರೆಯಲು ಸಾಮಾನ್ಯ ಬಳಕೆದಾರನಿಗೆ ಅನುಮತಿಯಿಲ್ಲ. ಹಳೆಯ ಆಟ ಕೆಡಬಾರದೆಂದು ವಿಂಡೋಸ್ ಆ ಕಡತಗಳನ್ನು ಸದ್ದಿಲ್ಲದೆ ಆಪ್‌ಡೇಟಾದ ಲೋಕಲ್ ಫೋಲ್ಡರಿನ ವರ್ಚುವಲ್‌ಸ್ಟೋರ್ ಎಂಬಲ್ಲಿಗೆ ತಿರುಗಿಸುತ್ತದೆ. ಆಟಕ್ಕೆ ತನ್ನ ಮನೆಯಲ್ಲೇ ಬರೆದೆನೆಂಬ ಭ್ರಮೆ. ಫೋಲ್ಡರ್ ನಕಲು ಮಾಡುವ ನಮಗೂ ಅದೇ ಭ್ರಮೆ. ಯಾರೋ ಹೇಳಿದರೆಂದು ಅವಳು ಆಟವನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ದಿನ ಪಾರ್ಕುಗಳೆಲ್ಲ ಮಾಯವಾದವೆಂದು ಗಾಬರಿಯಾಗಿದ್ದಳು. ಅವು ಎಲ್ಲಿಯೂ ಹೋಗಿರಲಿಲ್ಲ. ಹಾಗೆ ತೆರೆದಾಗ ಆಟ ವರ್ಚುವಲ್‌ಸ್ಟೋರನ್ನು ನೋಡುವುದಿಲ್ಲ, ಅಷ್ಟೆ. ಅವಳ ಪಾರ್ಕುಗಳು ಸಿಕ್ಕಿದವು, ನನ್ನ ಲಾಗ್‌ಬುಕ್ ಸಿಗಲಿಲ್ಲ. ಅಳಿಸಿದ ಕಡತಗಳನ್ನು ಹುಡುಕಿಕೊಡುವ ತಂತ್ರಾಂಶ ಹಾಕಿ ನೋಡಿದೆ, ಆದರೆ ಆ ಜಾಗದ ಮೇಲೆ ಹೊಸ ವಿಂಡೋಸ್ ಆಗಲೇ ಕುಳಿತಿತ್ತು.

ಇನ್ನು ಉತ್ಪನ್ನದ ಕೀ. ಐದೈದರ ಐದು ಗುಂಪು, ಒಟ್ಟು 25 ಅಕ್ಷರಗಳು. ಡಿವಿಡಿಯ ಪೆಟ್ಟಿಗೆ ಮನೆ ಬದಲಿಸುವಾಗ ರದ್ದಿಗೆ ಹೋಗಿತ್ತು. ಅದೃಷ್ಟಕ್ಕೆ ಮನೆ ಖರ್ಚಿನ ಹಳೆಯ ಡೈರಿಯಲ್ಲಿ ಕೀಯನ್ನು ಬರೆದುಕೊಂಡಿದ್ದೆ. ನನ್ನದೇ ಕೈಬರಹದಲ್ಲಿ ‘ಬಿ’ ಯಾವುದು, ಎಂಟು ಯಾವುದು ಎಂದು ತಿಳಿಯದೆ ಅದಲುಬದಲು ಮಾಡಿ ಪ್ರಯತ್ನಿಸುವುದರಲ್ಲಿ ಒಂದು ಸಂಜೆ ಕಳೆಯಿತು. ಸಕ್ರಿಯಗೊಳಿಸದಿದ್ದರೆ ಈ ಆಟ ಒಂದು ಸಲಕ್ಕೆ 30 ನಿಮಿಷ ಮಾತ್ರ ನಡೆಯುತ್ತದೆ. ಅಷ್ಟರಲ್ಲಿ ಹುಬ್ಬಳ್ಳಿಯೂ ಬರುವುದಿಲ್ಲ. ಕೀಯ ಫೋಟೋ ತೆಗೆದಿಡಿ. ದುಡ್ಡು ಕೊಟ್ಟು ಇಳಿಸಿಕೊಂಡಿದ್ದ ಒಂದು ವಿಮಾನ ಮಾತ್ರ ಶಾಶ್ವತವಾಗಿ ಹೋಯಿತು: ಅದನ್ನು ನೋಂದಾಯಿಸುತ್ತಿದ್ದ ಮಾರಾಟಗಾರರ ಸರ್ವರ್ ಮುಚ್ಚಿಹೋಗಿದೆ, ಸ್ಥಾಪಕ ಕೈಯಲ್ಲಿದ್ದೂ ಉಪಯೋಗವಿಲ್ಲ.

2014ರ ಡಿಸೆಂಬರಿನಲ್ಲಿ ಬಂದ ಸ್ಟೀಮ್ (ಆಟಗಳ ಆನ್‌ಲೈನ್ ಅಂಗಡಿ) ಆವೃತ್ತಿಯನ್ನೇ ಕೊಳ್ಳಬಹುದಿತ್ತಲ್ಲ ಎಂದು ತಂಗಿ ಕೇಳಿದಳು. ಕೊಳ್ಳಬಹುದಿತ್ತು, ಕಳೆದ ಲಾಗ್‌ಬುಕ್ ಅದರಿಂದಲೂ ಬರುತ್ತಿರಲಿಲ್ಲ.

ಡಿಸ್ಕುಗಳ ವಿಷಯಕ್ಕೂ ಒಂದು ಮಾತು. ಕಾನೂನುಬದ್ಧವಾಗಿ ಕೊಂಡ ತಂತ್ರಾಂಶವು ಹಾಳಾಗದಂತೆ ರಕ್ಷಣೆಗೆಂದು ಪ್ರತಿ ಮಾಡಿಕೊಳ್ಳಲು ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಆದರೆ ಇದಕ್ಕಿಂತ ಹಿಂದಿನ, 2003ರ ಫ್ಲೈಟ್ ಸಿಮ್ಯುಲೇಟರ್ ಇರುವವರು ಅಷ್ಟಕ್ಕೇ ನಿಶ್ಚಿಂತರಾಗಬೇಡಿ. ಅದರ ನಾಲ್ಕು ಸಿಡಿಗಳಲ್ಲಿ ನಾಲ್ಕನೆಯದು ಆಡುವಾಗಲೂ ಡ್ರೈವಿನಲ್ಲಿರಬೇಕು, ಅದು ಅಸಲಿಯೇ ಎಂದು ಪರೀಕ್ಷಿಸುವ ಸೇಫ್‌ಡಿಸ್ಕ್ ವ್ಯವಸ್ಥೆಯ ಗುರುತುಗಳು, ಇಡೀ ಸಿಡಿಯನ್ನು ಒಂದೇ ಕಡತವಾಗಿಸುವ ಸಾಮಾನ್ಯ ಐಎಸ್‌ಒ ಪ್ರತಿಯಲ್ಲಿ ಬರುವುದಿಲ್ಲ. ಅಸಲಿ ಸಿಡಿ ಇದ್ದರೂ, ಆ ಪರೀಕ್ಷೆಗೆ ಬೇಕಾದ ಡ್ರೈವರ್ ಎಂಬ ಸಣ್ಣ ತಂತ್ರಾಂಶವನ್ನು ವಿಂಡೋಸ್ 10 ಒಪ್ಪುವುದಿಲ್ಲ. ಅಂಥವರು ಹಳೆಯ ಕಂಪ್ಯೂಟರನ್ನು ಹಳೆಯ ವಿಂಡೋಸಿನೊಂದಿಗೇ, ಅಂತರ್ಜಾಲಕ್ಕೆ ಜೋಡಿಸದೆ ಉಳಿಸಿಕೊಳ್ಳುವುದು ಲೇಸು. ಅದಕ್ಕೂ ಒಂದು ಷರತ್ತಿದೆ: ವಿಂಡೋಸ್ 7ರಲ್ಲಿಯೂ 2015ರ ಸೆಪ್ಟೆಂಬರಿನ ಭದ್ರತಾ ಅಪ್‌ಡೇಟ್ ಆ ಡ್ರೈವರನ್ನು ನಿಲ್ಲಿಸಿದೆ.

ನನ್ನ ಎರಡನೆಯ ಡಿವಿಡಿಯಲ್ಲಿ ಗೀರು ಬಿದ್ದು ಎರಡು ಡ್ರೈವುಗಳು ಅದನ್ನು ಓದಲು ನಿರಾಕರಿಸಿದವು. ಮೂರನೆಯದು, ಪಕ್ಕದ ಮನೆಯವರ ಹಳೆಯ ಲ್ಯಾಪ್‌ಟಾಪಿನದು, ಕುಂಟುತ್ತ ಓದಿ ಮುಗಿಸಿತು. ಆ ಪ್ರತಿ ಈಗ ಎರಡು ಡಿಸ್ಕುಗಳಲ್ಲಿದೆ, ಜೊತೆಗೆ ಡಾಕ್ಯುಮೆಂಟ್ಸ್ ಫೋಲ್ಡರೂ ಇದೆ. ಹೊಸ ಲಾಗ್‌ಬುಕ್ಕಿನ ಮೊದಲ ಸಾಲಿನಲ್ಲಿ ಎಚ್‌ಎಎಲ್‌ನಿಂದ ಹುಬ್ಬಳ್ಳಿಗೆ ಹೋದದ್ದು ದಾಖಲಾಗಿದೆ.