ವಿದ್ಯುತ್ ಪಾಠಕ್ಕೆ ಫೆಟ್: ಕನ್ನಡ ಮಾಧ್ಯಮದ ತರಗತಿಯಲ್ಲಿ ಎಷ್ಟರಮಟ್ಟಿಗೆ ಕೈಹಿಡಿಯುತ್ತದೆ?

ಹತ್ತನೇ ತರಗತಿಯ ವಿದ್ಯುಚ್ಛಕ್ತಿ ಪಾಠದಲ್ಲಿ ಓಮ್‌ನ ನಿಯಮದ ಚಟುವಟಿಕೆಗೆ ಬೇಕಾಗುವುದು ಅರ್ಧ ಮೀಟರ್ ನಿಕ್ರೋಮ್ ತಂತಿ, ಒಂದು ಅಮ್ಮೀಟರ್, ಒಂದು ವೋಲ್ಟ್‌ಮೀಟರ್, 1.5 ವೋಲ್ಟ್‌ನ ನಾಲ್ಕು ಸೆಲ್. ದೊಡ್ಡ ಸಾಮಾನೇನಲ್ಲ. ಆದರೆ ಬೀರು ತೆಗೆದರೆ ಅಮ್ಮೀಟರ್‌ನ ಮುಳ್ಳು ಅಂಟಿಕೊಂಡಿರುತ್ತದೆ, ಸೆಲ್‌ಗಳು ಇಳಿದುಹೋಗಿರುತ್ತವೆ, ಇಡೀ ತರಗತಿಗೆ ಇರುವುದು ಒಂದೇ ಸೆಟ್. ಮುಂದಿನ ಬೆಂಚಿನವರು ನೋಡುತ್ತಾರೆ, ಹಿಂದಿನವರು ಬೋರ್ಡ್ ಮೇಲಿನ ಕೋಷ್ಟಕ ಬರೆದುಕೊಳ್ಳುತ್ತಾರೆ. ಪರದೆಯ ಮೇಲೆ ಪ್ರಯೋಗ ಮಾಡಲು ಬಿಡುವ ಸಿಮ್ಯುಲೇಶನ್‌ಗಳ (ಚಿಕ್ಕದಾಗಿ ‘ಸಿಮ್’) ವೆಬ್‌ಸೈಟ್ ಫೆಟ್ (PhET) ಉಪಯೋಗಕ್ಕೆ ಬರುವುದು ಇಲ್ಲಿ.

ಅಮೆರಿಕದ ಕೊಲೊರಾಡೊ ಬೌಲ್ಡರ್ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ಇದನ್ನು ಶುರುಮಾಡಿದವರು ಭೌತವಿಜ್ಞಾನಿ ಕಾರ್ಲ್ ವೀಮನ್. ಅದರ ಹಿಂದಿನ ವರ್ಷವಷ್ಟೇ ಅವರಿಗೆ ನೊಬೆಲ್ ಬಂದಿತ್ತು. ಭೌತ, ರಸಾಯನ, ಗಣಿತ, ಜೀವವಿಜ್ಞಾನದ ಸಿಮ್ಯುಲೇಶನ್‌ಗಳು ಇಲ್ಲಿವೆ. ವೆಬ್‌ಸೈಟ್‌ನಲ್ಲಿ ಬಳಸಲು, ಇಳಿಸಿಕೊಳ್ಳಲು ದುಡ್ಡು ಕೊಡಬೇಕಿಲ್ಲ. ಮೊಬೈಲ್ ಆ್ಯಪ್‌ಗೆ ಮಾತ್ರ ಹಣ ಕೇಳುತ್ತದೆ, ಅದನ್ನು ಕೊಳ್ಳುವ ಅಗತ್ಯವೇನೂ ಇಲ್ಲ. 2017ರ ಶಿಕ್ಷಕರ ದಿನದಂದು ಆರಂಭವಾದ, ಸರ್ಕಾರದ ಡಿಜಿಟಲ್ ಕಲಿಕೆಯ ದೀಕ್ಷಾ ವೇದಿಕೆ ಎಲ್ಲ ಶಿಕ್ಷಕರಿಗೂ ಗೊತ್ತು. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಬಹುಪಾಲು ಸಿಗುವುದು ನೋಡುವ ವಿಡಿಯೊ. ಫೆಟ್‌ನಲ್ಲಿ ಮಗು ತಾನೇ ಕೈಯಾಡಿಸಬೇಕು, ಅದು ತಪ್ಪು ಮಾಡಿದರೆ ಸಿಮ್ ಆ ತಪ್ಪನ್ನು ತೋರಿಸುತ್ತದೆ. ಎರಡರ ಕೆಲಸವೂ ಬೇರೆ, ಒಂದಿದ್ದರೆ ಇನ್ನೊಂದು ಬೇಡ ಎಂದಲ್ಲ.

ಈ ವಿಮರ್ಶೆಗೆ ಆರಿಸಿಕೊಂಡದ್ದು ‘ಸರ್ಕ್ಯೂಟ್ ಕನ್‌ಸ್ಟ್ರಕ್ಷನ್ ಕಿಟ್: ಡಿಸಿ’. ತೆರೆದರೆ ಇಂಟ್ರೊ, ಲ್ಯಾಬ್ ಎಂದು ಎರಡು ಪರದೆಗಳು ಸಿಗುತ್ತವೆ. ಎಡಗಡೆ ತಂತಿ, ಬ್ಯಾಟರಿ, ಬಲ್ಬ್, ರೋಧಕ, ಸ್ವಿಚ್ ಇರುತ್ತವೆ, ಬೇಕಾದ್ದನ್ನು ಎಳೆದು ನಡುವೆ ತಂದಿಡಬೇಕು. ತುದಿಗೆ ತುದಿ ತಾಗಿಸಿದರೆ ಕೂಡಿಕೊಳ್ಳುತ್ತದೆ. ಬಿಡಿಸಬೇಕಾದರೆ ಆ ಕೂಡುಬಿಂದುವನ್ನು ಒಮ್ಮೆ ಮುಟ್ಟಿ, ಅಲ್ಲೇ ಕತ್ತರಿಯ ಚಿತ್ರ ಬರುತ್ತದೆ. ಇದು ಗೊತ್ತಿಲ್ಲದವರು ತಂತಿ ಕಿತ್ತುಬರಲಿಲ್ಲವೆಂದು ಕಿತ್ತಳೆ ಬಣ್ಣದ ರೀಸೆಟ್ ಒತ್ತಿ, ಕಟ್ಟಿದ್ದನ್ನೆಲ್ಲ ಕಳೆದುಕೊಂಡು ಮೊದಲಿನಿಂದ ಕಟ್ಟುತ್ತಾರೆ. 40 ನಿಮಿಷದ ಪೀರಿಯಡ್‌ನಲ್ಲಿ ಇದರಿಂದಲೇ ತುಂಬ ಸಮಯ ಹೋಗುತ್ತದೆ.

ಬ್ಯಾಟರಿ ಬರುವಾಗಲೇ 9 ವೋಲ್ಟ್, ರೋಧಕ ಮತ್ತು ಬಲ್ಬ್ 10 ಓಮ್. ಒಂದು ಬಲ್ಬ್ ಹಚ್ಚಿದರೆ 0.90 ಆ್ಯಂಪಿಯರ್. ಓಮ್‌ನ ನಿಯಮಕ್ಕೆ ಬ್ಯಾಟರಿಯನ್ನು ಮುಟ್ಟಿ, ಕೆಳಗೆ ಬರುವ ಪಟ್ಟಿಯಲ್ಲಿ ವೋಲ್ಟೇಜನ್ನು 1.5, 3, 4.5, 6 ಎಂದು ಏರಿಸಿ, ಪುಸ್ತಕದ ನಾಲ್ಕು ಸೆಲ್‌ಗೆ ಸರಿಹೊಂದುತ್ತದೆ. 10 ಓಮ್ ರೋಧಕದಲ್ಲಿ 0.15, 0.30, 0.45, 0.60 ಸಿಗುತ್ತದೆ. ಗ್ರಾಫನ್ನು ಮಕ್ಕಳೇ ಹಾಳೆಯ ಮೇಲೆ ಎಳೆಯಲಿ.

ಆದರೆ ಈ ಸಿಮ್‌ನ ನಿಜವಾದ ಬೆಲೆ ಗೊತ್ತಾಗುವುದು ಸರಣಿ ಜೋಡಣೆಯಲ್ಲಿ. ಬ್ಯಾಟರಿಯನ್ನು ಮತ್ತೆ 9 ವೋಲ್ಟ್‌ಗೆ ತಂದು, ಎರಡು ಬಲ್ಬ್ ಸರಣಿಯಲ್ಲಿ ಕಟ್ಟಿ ಸ್ವಿಚ್ ತೆರೆದೇ ಇಡಿ. ಹಾಕುವ ಮೊದಲು ಕೇಳಿ: ಯಾವ ಬಲ್ಬ್ ಹೆಚ್ಚು ಬೆಳಗುತ್ತದೆ? ಬ್ಯಾಟರಿಗೆ ಹತ್ತಿರದ್ದು ಎಂದು ಹೇಳುವ ಮಕ್ಕಳು ಪ್ರತಿ ತರಗತಿಯಲ್ಲೂ ಇರುತ್ತಾರೆ. ಮೊದಲ ಬಲ್ಬ್ ಒಂದಷ್ಟು ಕರೆಂಟ್ ‘ತಿಂದು’ ಉಳಿದದ್ದು ಎರಡನೆಯದಕ್ಕೆ ಹೋಗುತ್ತದೆ ಎಂಬುದು ಅವರ ಲೆಕ್ಕ. ಉತ್ತರವನ್ನು ನೋಟ್‌ಬುಕ್‌ನಲ್ಲಿ ಬರೆಸಿ, ಆಮೇಲೆ ಸ್ವಿಚ್ ಹಾಕಿ. ಎರಡೂ ಒಂದೇ ಸಮ ಬೆಳಗುತ್ತವೆ. ಬ್ಯಾಟರಿಯ ಮುಂದೆ, ಎರಡು ಬಲ್ಬ್‌ಗಳ ನಡುವೆ, ಕೊನೆಯಲ್ಲಿ ಎಂದು ಮೂರು ಕಡೆ ಅಳೆದರೂ 0.45. ತಂತಿಯೊಳಗಿನ ನೀಲಿ ಚುಕ್ಕೆಗಳೆಲ್ಲ ಒಟ್ಟಿಗೇ ಹೊರಡುತ್ತವೆ, ಎಲ್ಲೂ ಕಡಿಮೆಯಾಗುವುದಿಲ್ಲ. ನಿಜವಾದ ತಂತಿಯಲ್ಲಿ ಇದನ್ನು ಕಣ್ಣಿಗೆ ತೋರಿಸಲು ಸಾಧ್ಯವೇ ಇಲ್ಲ. ಅನಂತರ ಅವೇ ಬಲ್ಬ್‌ಗಳನ್ನು ಸಮಾಂತರದಲ್ಲಿ ಕಟ್ಟಿಸಿ: ಒಂದೊಂದರಲ್ಲೂ 0.90, ಬ್ಯಾಟರಿಯ ತಂತಿಯಲ್ಲಿ 1.80. ಒಂದನ್ನು ಕತ್ತರಿಸಿದರೆ ಇನ್ನೊಂದು ಹಾಗೇ ಬೆಳಗುತ್ತಿರುತ್ತದೆ. ಮನೆಯ ವೈರಿಂಗ್ ಯಾಕೆ ಸಮಾಂತರ ಎಂಬ ಪ್ರಶ್ನೆಗೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಎಡವುವ ಜಾಗಗಳೂ ಇವೆ. ಮೊದಲನೆಯದು ದಿಕ್ಕು. ಸಿಮ್ ಮೊದಲಿಗೆ ತೋರಿಸುವುದು ಎಲೆಕ್ಟ್ರಾನ್‌ಗಳನ್ನು, ಅವು ಋಣದಿಂದ ಧನದ ಕಡೆಗೆ ಹೋಗುತ್ತವೆ. ಪುಸ್ತಕದ ಬಾಣ ಸಾಂಪ್ರದಾಯಿಕ ಪ್ರವಾಹದ್ದು, ಧನದಿಂದ ಋಣಕ್ಕೆ. ಹೇಳದೆ ಬಿಟ್ಟರೆ ಮಕ್ಕಳು ಪರೀಕ್ಷೆಯಲ್ಲಿ ಬಾಣವನ್ನು ಉಲ್ಟಾ ಹಾಕುತ್ತಾರೆ. ಬಲಗಡೆ ‘ಕನ್ವೆನ್ಷನಲ್’ ಎಂಬುದನ್ನು ಆರಿಸಿದರೆ ಚುಕ್ಕೆಯ ಬದಲು ಕೆಂಪು ಬಾಣ ಬರುತ್ತದೆ. ಎರಡನ್ನೂ ಒಂದರ ಹಿಂದೊಂದು ತೋರಿಸಿ.

ಎರಡನೆಯದು ಅಮ್ಮೀಟರ್. ಇದರಲ್ಲಿ ಎರಡು ಬಗೆ. ಒಂದರ ಉಂಗುರವನ್ನು ತಂತಿಯ ಮೇಲೆ ಎಲ್ಲಿಟ್ಟರೂ ಅಳತೆ ಹೇಳುತ್ತದೆ. ಅನುಕೂಲ ಹೌದು, ಆದರೆ ಅಮ್ಮೀಟರನ್ನು ಸರಣಿಯಲ್ಲೇ ಜೋಡಿಸಬೇಕು ಎಂಬ ಪಾಠ ಅಲ್ಲಿಗೇ ತಪ್ಪಿಹೋಗುತ್ತದೆ. ಎಸ್‌ಎಸ್‌ಎಲ್‌ಸಿ ಮಕ್ಕಳಿಗೆ ಇನ್ನೊಂದನ್ನೇ, ಮಂಡಲ ಬಿಡಿಸಿ ನಡುವೆ ಸೇರಿಸುವುದನ್ನೇ ಕೊಡಿ. ಅದನ್ನು ನೇರ ಬ್ಯಾಟರಿಯ ಎರಡು ತುದಿಗೆ ಹಚ್ಚಿದರೆ ಬ್ಯಾಟರಿ ಹೊತ್ತಿ ಉರಿಯುತ್ತದೆ. ಬೇಕೆಂದೇ ಒಮ್ಮೆ ಹೀಗೆ ಮಾಡಿ ತೋರಿಸುವುದು ಒಳ್ಳೆಯದು, ಅಮ್ಮೀಟರ್‌ನ ರೋಧ ತೀರಾ ಕಡಿಮೆ ಎಂಬುದು ಮತ್ತೆ ಮರೆಯುವುದಿಲ್ಲ. ಜೊತೆಗೇ ಮನೆಯ ಪ್ಲಗ್‌ನಲ್ಲಿ ಇದನ್ನು ಮಾಡಬಾರದೆಂದು ಬಾಯಿಬಿಟ್ಟು ಹೇಳಿ. ವೋಲ್ಟ್‌ಮೀಟರ್‌ನಲ್ಲಿ ‘?’ ಬಂದರೆ ಕಡ್ಡಿ ಸರಿಯಾಗಿ ತಾಗಿಲ್ಲ ಎಂದರ್ಥ, ಮೈನಸ್ ಬಂದರೆ ಕೆಂಪು, ಕಪ್ಪು ಅದಲುಬದಲಾಗಿವೆ.

ಇನ್ನು ಅತಿ ಶುದ್ಧತೆ. ಇಲ್ಲಿ ವೋಲ್ಟೇಜನ್ನು ಪ್ರವಾಹದಿಂದ ಭಾಗಿಸಿದರೆ ಪ್ರತಿ ಸಲವೂ ಸರಿಯಾಗಿ 10. ನಿಜವಾದ ತಂತಿ ಬಿಸಿಯಾಗುತ್ತದೆ, ಸಂಪರ್ಕ ಸಡಿಲವಿರುತ್ತದೆ, ಉತ್ತರ ಸ್ವಲ್ಪ ಆಚೀಚೆ ಬರುತ್ತದೆ. ಸಿಮ್ ಮಾತ್ರ ನೋಡಿದ ಮಗು ತನ್ನ ಪ್ರಯೋಗದಲ್ಲಿ 9.6 ಬಂದರೆ ತಪ್ಪಾಯಿತೆಂದು ಅಳಿಸಿ 10 ಎಂದು ಬರೆಯುತ್ತದೆ. ಹಾಗಾಗಿ ಒಂದೇ ಸೆಟ್ ಇದ್ದರೂ ಸರಿ, ಸಿಮ್ ಆದ ಮೇಲೆ ನಿಜವಾದ ಪ್ರಯೋಗ ಆಗಲೇಬೇಕು. ಸಿಮ್‌ನ ಸಾಮಾನ್ಯ ಬಲ್ಬ್‌ನ ರೋಧವೂ ಬದಲಾಗುವುದಿಲ್ಲ, ಬಿಸಿಯಾದಂತೆ ರೋಧ ಹೆಚ್ಚುವ ‘ರಿಯಲ್ ಬಲ್ಬ್’ ಬೇಕಿದ್ದರೆ ಲ್ಯಾಬ್ ಪರದೆಯ ‘ಅಡ್ವಾನ್ಸ್ಡ್’ ತೆರೆಯಬೇಕು.

ಇದೇ ಪಾಠಕ್ಕೆ ‘ರೆಸಿಸ್ಟೆನ್ಸ್ ಇನ್ ಎ ವೈರ್’ ಎಂಬ ಇನ್ನೊಂದು ಸಿಮ್ ಇದೆ. ಉದ್ದ, ಅಡ್ಡಕೊಯ್ತದ ವಿಸ್ತೀರ್ಣ, ರೋಧಶೀಲತೆಗಳನ್ನು ಏರಿಳಿಸಿದಂತೆ ಸೂತ್ರದ ಅಕ್ಷರಗಳೇ ದೊಡ್ಡದು ಚಿಕ್ಕದಾಗುತ್ತವೆ. ಸಂಬಂಧ ತಿಳಿಸಲು ಇದು ಸೊಗಸಾಗಿದೆ, ಲೆಕ್ಕ ಮಾಡಿಸಲು ಬೇಡ. ಅಳತೆಗಳು ಸೆಂಟಿಮೀಟರ್‌ನಲ್ಲಿವೆ, ಪುಸ್ತಕದಲ್ಲಿ ಮೀಟರ್. ಆರಂಭದ ರೋಧಶೀಲತೆ 0.50 ಓಮ್ ಸೆಂ.ಮೀ., ಅಂದರೆ ತಾಮ್ರದ್ದಕ್ಕಿಂತ ಸುಮಾರು 3 ಲಕ್ಷ ಪಟ್ಟು ಹೆಚ್ಚು!

ಭಾಷೆಯ ವಿಷಯದಲ್ಲಿ ಮಿಶ್ರ ಫಲ. ಅನುವಾದ ಮಾಡುವವರು ಸ್ವಯಂಸೇವಕರು. ಸೈಟ್‌ನಲ್ಲಿ ಕನ್ನಡ ಆರಿಸಿದರೆ ಕನ್ನಡಕ್ಕೆ ಬಂದಿರುವ ಸಿಮ್‌ಗಳು ಕಾಣುತ್ತವೆ, ಎಲ್ಲವೂ ಬಂದಿಲ್ಲ. ಬಂದಿರುವುದರಲ್ಲೂ ಪದಗಳು ನಮ್ಮ ಪಠ್ಯಪುಸ್ತಕದ ಪದಗಳಿಗೆ ಹೊಂದುತ್ತವೆಯೇ ಎಂದು ಹಿಂದಿನ ದಿನವೇ ನೋಡಿಕೊಳ್ಳಿ. ಇಂಗ್ಲಿಷ್ ಆವೃತ್ತಿಯನ್ನೇ ಬಳಸುವುದಾದರೂ ಅಂಜಬೇಕಿಲ್ಲ. ಬಟನ್‌ಗಳ ಮೇಲೆ ಇರುವುದು ಹತ್ತಾರು ಪದ, ಅವನ್ನು ವಿಭವಾಂತರ, ರೋಧ, ಪ್ರವಾಹ ಎಂದು ಬೋರ್ಡಿನ ಪಕ್ಕದಲ್ಲಿ ಬರೆದಿಟ್ಟರೆ ಸಾಕು.

ಶಾಲೆಯಲ್ಲಿ ನೆಟ್ ನಂಬಬೇಡಿ. ಮನೆಯಲ್ಲೇ ಡೌನ್‌ಲೋಡ್ ಮಾಡಿ, ಒಂದು ಸಿಮ್‌ಗೆ ಒಂದೇ ಎಚ್‌ಟಿಎಂಎಲ್ ಫೈಲ್, ಪೆನ್‌ಡ್ರೈವ್‌ನಲ್ಲಿ ಒಯ್ದರಾಯಿತು. ಶಾಲೆಯ ಲ್ಯಾಪ್‌ಟಾಪ್‌ಗೆ ಕಾಪಿ ಮಾಡಿ, ಕ್ರೋಮ್ ಅಥವಾ ಫೈರ್‌ಫಾಕ್ಸ್‌ನಲ್ಲಿ ತೆರೆಯಿರಿ. ಹಳೆಯ ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಓಡುವುದಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಮಕ್ಕಳಿಗೆ ಫೈಲ್ ಕಳಿಸಿದರೆ ಕೆಲವು ಫೋನ್‌ಗಳಲ್ಲಿ ಖಾಲಿ ಪುಟ ಬರುತ್ತದೆ, ಯಾಕೆಂದರೆ ಫೋನ್ ಅದನ್ನು ಬ್ರೌಸರ್‌ನಲ್ಲಿ ತೆರೆಯದೆ ಬೇರೆ ವ್ಯೂವರ್‌ನಲ್ಲಿ ತೆರೆದಿರುತ್ತದೆ. ಅಂಥವರಿಗೆ ಲಿಂಕ್ ಕಳಿಸುವುದೇ ವಾಸಿ. ಶಾಲೆಯ ಕಂಪ್ಯೂಟರ್‌ಗಳಲ್ಲಿ ಹಿಂದೆ ಯಾರೋ ಹಾಕಿಟ್ಟ ಫ್ಲ್ಯಾಶ್ ಆವೃತ್ತಿಯ ಸಿಮ್‌ಗಳು ಇನ್ನೂ ಇರಬಹುದು. 2020ರ ಕೊನೆಗೆ ಫ್ಲ್ಯಾಶ್ ನಿಂತುಹೋಯಿತು, ಅವನ್ನು ಸರಿಪಡಿಸಲು ಹೋಗದೆ ಅಳಿಸಿ, ಅದೇ ವಿಷಯದ ಎಚ್‌ಟಿಎಂಎಲ್5 ಆವೃತ್ತಿ ಇಳಿಸಿಕೊಳ್ಳಿ. ಸೈಟ್‌ನಲ್ಲಿ ಶಿಕ್ಷಕರೆಂದು ಉಚಿತವಾಗಿ ನೋಂದಾಯಿಸಿಕೊಂಡರೆ ಸಿಮ್‌ಗಳ ಜೊತೆಗಿರುವ ಬೋಧನಾ ಸೂಚನೆಗಳ ಪಿಡಿಎಫ್ ಸಿಗುತ್ತದೆ. ಇಂಗ್ಲಿಷ್‌ನಲ್ಲಿದೆ, ಆದರೂ ಮೊದಲ ಪೀರಿಯಡ್‌ಗೆ ಮುಂಚೆ ಒಮ್ಮೆ ಓದಿಕೊಂಡು ಹೋಗಿ.