ದಾ ದಾ ವೂ ಹ್ವಾ: ತೈನಾನ್‌ನ ಮೂರು ರಾತ್ರಿ ಸಂತೆಗಳಲ್ಲಿ ಯಾವುದಕ್ಕೆ ಹೋಗಬೇಕು?

ತೈವಾನಿನ ತೈನಾನ್‌ಗೆ ಓದಲು ಬಂದ ಮೊದಲ ವಾರ. ಸೋಮವಾರ ಸಂಜೆ ಹಸಿದ ಹೊಟ್ಟೆಯಲ್ಲಿ ಬಸ್ಸು ಹತ್ತಿ ಗಾರ್ಡನ್ ನೈಟ್ ಮಾರ್ಕೆಟ್‌ಗೆ ಹೋದೆ. ಇಳಿದು ನೋಡಿದರೆ ಬಟಾಬಯಲು. ಒಂದು ಅಂಗಡಿ ಇಲ್ಲ, ಒಂದು ದೀಪ ಇಲ್ಲ. ಅಲ್ಲೇ ಮಲಗಿದ್ದ ನಾಯಿ ತಲೆ ಎತ್ತಿ ನೋಡಿ, ಇವನಿಗೆ ತಲೆ ಸರಿ ಇಲ್ಲ ಅಂದುಕೊಂಡು ಮತ್ತೆ ಮಲಗಿತು. ಅವತ್ತು ರಾತ್ರಿ ಸೆವೆನ್ ಇಲೆವೆನ್ ಅಂಗಡಿಯ, ಚಹಾದಲ್ಲಿ ಬೇಯಿಸಿದ ಮೊಟ್ಟೆಯೇ ನನ್ನ ಊಟ.

ಮರುದಿನ ಲ್ಯಾಬಿನಲ್ಲಿ ಹೇಳಿದರೆ ಎಲ್ಲರೂ ಬಿದ್ದು ಬಿದ್ದು ನಕ್ಕರು. ಆಮೇಲೆ ಒಬ್ಬಳು ಬೋರ್ಡಿನ ಮೇಲೆ ಏಳು ಅಕ್ಷರ ಬರೆದು ನನಗೆ ಬಾಯಿಪಾಠ ಮಾಡಿಸಿದಳು: "ದಾ ದಾ ವೂ ಹ್ವಾ ದಾ ವೂ ಹ್ವಾ." ವಾರದ ಏಳು ದಿನಕ್ಕೆ ಏಳು ಅಕ್ಷರ. ದಾ ಅಂದರೆ ದಾದೊಂಗ್, ವೂ ಅಂದರೆ ವೂಶೆಂಗ್, ಹ್ವಾ ಅಂದರೆ ಹ್ವಾಯುವಾನ್. ಆ ಕೊನೆಯದೇ ಗಾರ್ಡನ್. ಸೋಮವಾರ, ಮಂಗಳವಾರ ದಾದೊಂಗ್. ಬುಧವಾರ ವೂಶೆಂಗ್. ಗುರುವಾರ ಗಾರ್ಡನ್. ಶುಕ್ರವಾರ ಮತ್ತೆ ದಾದೊಂಗ್. ಶನಿವಾರ ವೂಶೆಂಗ್ (ಅವತ್ತು ಗಾರ್ಡನ್ ಕೂಡ ಇರುತ್ತದೆ). ಭಾನುವಾರ ಗಾರ್ಡನ್.

ಅರೆ, ಇದು ನಮ್ಮ ಸಂತೆ ಅಲ್ವಾ! ನಮ್ಮ ಕಡೆಯೂ ಇವತ್ತು ಈ ಊರು, ನಾಳೆ ಪಕ್ಕದೂರು. ಮಾರುವವರು ಅವರೇ, ಟಾರ್ಪಾಲು ಬೇರೆ ಕಡೆ ಹರಡುತ್ತಾರೆ ಅಷ್ಟೇ. ತೈಪೆಯ ಶಿಲಿನ್ ಥರದ ಮಾರ್ಕೆಟ್‌ಗಳು ದಿನಾ ಇರುತ್ತವೆ. ತೈನಾನ್‌ನ ಈ ಮೂರು ಹಾಗಲ್ಲ. ಖಾಲಿ ಜಾಗಕ್ಕೆ ಸಂಜೆ ಗಾಡಿಗಳು ಬರುತ್ತವೆ, ನಡುರಾತ್ರಿ ಎಲ್ಲ ಕಟ್ಟಿಕೊಂಡು ಹೋಗುತ್ತವೆ. ಜೋರು ಮಳೆ ಬಂದರೆ ಸಂತೆಯೇ ಇಲ್ಲ.

ಆ ಏಳು ಅಕ್ಷರ ಕಲಿತ ಮೇಲೆ ನನಗೊಂದು ಹುಚ್ಚು ಹಿಡಿಯಿತು. ಮೂರೂ ಕಡೆ ಅದೇ ನಾಲ್ಕು ತಿಂಡಿ ತಿಂದು ನೋಡಬೇಕು ಅಂತ. ಸಿಂಪಿ ಆಮ್ಲೆಟ್, ನಾತದ ತೋಫು (ಸೋಯಾ ಪನೀರ್), ಗೆಣಸಿನ ಉಂಡೆ, ಕುಡಿಯಲು ಬೂದುಗುಂಬಳದ ಚಹಾ. ಸುಮಾರು ಎರಡು ತಿಂಗಳು ಇದೇ ಕೆಲಸ. ರೂಮ್‌ಮೇಟ್ ತೀರ್ಥಹಳ್ಳಿಯವನು. "ಥೀಸಿಸ್ ಯಾವಾಗ ಬರೀತೀಯ ಮಾರಾಯ?" ಅಂತ ದಿನಾ ಕೇಳುತ್ತಿದ್ದ. ತಿನ್ನಲು ಮಾತ್ರ ಜೊತೆಗೆ ಬರುತ್ತಿದ್ದ.

ಮೊದಲು ಗಾರ್ಡನ್. ಹಾಯಾನ್ ರಸ್ತೆಯಲ್ಲಿದೆ, ಮೂರರಲ್ಲಿ ದೊಡ್ಡದು. ದೂರದಿಂದಲೇ ಎತ್ತರದ ಬಾವುಟಗಳು ಕಾಣುತ್ತವೆ. ಜಾತ್ರೆಗೆ ಬಂದ ಹಾಗೇ ಅನಿಸುತ್ತದೆ. ಸುಮ್ಮನೆ ಅಂದಕ್ಕೆ ಕಟ್ಟಿದ್ದಲ್ಲ, ಜನಜಂಗುಳಿಯಲ್ಲಿ ಅಂಗಡಿ ಹುಡುಕಲು ಅವೇ ಗುರುತು. ಒಳಗೆ ಒಂದು ಕಡೆ ತಿಂಡಿ, ಇನ್ನೊಂದು ಕಡೆ ಬಟ್ಟೆಬರೆ, ಮತ್ತೊಂದು ಕಡೆ ಆಟ. ಬಲೂನಿಗೆ ಗುರಿ ಇಡುವುದು, ಬಳೆ ಎಸೆಯುವುದು, ಎಲ್ಲ ಇದೆ. ಶನಿವಾರ ಎಂಟು ಗಂಟೆಗೆ ಹೋದರೆ ನೀವು ನಡೆಯಬೇಕಾಗಿಲ್ಲ. ಜನರೇ ನಿಮ್ಮನ್ನು ತಳ್ಳಿಕೊಂಡು ಹೋಗುತ್ತಾರೆ.

ಇಲ್ಲಿ ಸಿಂಪಿ ಆಮ್ಲೆಟ್‌ಗೆ ನಾನು ಕೊಟ್ಟಿದ್ದು 80 ತೈವಾನ್ ಡಾಲರ್. (ಒಂದು ತೈವಾನ್ ಡಾಲರಿಗೆ ಎರಡೂವರೆಯಿಂದ ಮೂರು ರೂಪಾಯಿ ಅಂತ ಲೆಕ್ಕ ಹಾಕಿಕೊಳ್ಳಿ.) ಆಮ್ಲೆಟ್ ಅಂದರೆ ನಮ್ಮ ಆಮ್ಲೆಟ್ ಅಲ್ಲ. ದೊಡ್ಡ ಕಾವಲಿಯ ಮೇಲೆ ಚಿಪ್ಪು ತೆಗೆದ ಪುಟ್ಟ ಪುಟ್ಟ ಸಿಂಪಿಗಳನ್ನು ಹಾಕುತ್ತಾರೆ. ಮೇಲೆ ಗೆಣಸಿನ ಪಿಷ್ಟ ಕದಡಿದ ನೀರು, ಆಮೇಲೆ ಮೊಟ್ಟೆ, ಸೊಪ್ಪು, ಕೊನೆಗೆ ಸಿಹಿ ಖಾರದ ಕೆಂಪು ಸಾರು. ಅಂಚು ಗರಿಗರಿ, ನಡುವೆ ಲೋಳೆ ಲೋಳೆ. ಆ ಲೋಳೆ ನಮ್ಮವರಿಗೆ ಮೊದಲ ಸಲ ಕಷ್ಟ. ನನಗೆ ಮೂರನೇ ಸಲಕ್ಕೆ ಹಿಡಿಸಿತು.

ಗಾರ್ಡನ್‌ನಲ್ಲಿ ಅದು ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಆದರೆ ಇಪ್ಪತ್ತೈದು ನಿಮಿಷ ಕ್ಯೂ ನಿಂತಿದ್ದೆ. ತಟ್ಟೆ ಕೈಗೆ ಬಂದಾಗ ಕೂರಲು ಜಾಗ ಇಲ್ಲ. ರೂಮ್‌ಮೇಟ್ ಎರಡು ತಟ್ಟೆ ಹಿಡಿದುಕೊಂಡು, ನಾನು ಚಹಾ ಹಿಡಿದುಕೊಂಡು, ಬಟ್ಟೆ ಅಂಗಡಿಯ ಪಕ್ಕ ನಿಂತು ತಿಂದೆವು.

ಈಗ ದಾದೊಂಗ್. ಲಿನ್‌ಸೆನ್ ರಸ್ತೆಯಲ್ಲಿ, ನಮ್ಮ ಯೂನಿವರ್ಸಿಟಿ ಇರುವ ಪೂರ್ವದ ಕಡೆಗೆ. ಗಾರ್ಡನ್‌ಗಿಂತ ಚಿಕ್ಕದು. ಬಾವುಟಗಿವುಟದ ಅಬ್ಬರ ಕಡಿಮೆ. ಬರುವವರು ಜಾಸ್ತಿ ವಿದ್ಯಾರ್ಥಿಗಳು, ಕೆಲಸ ಮುಗಿಸಿ ಸ್ಕೂಟರಿನಲ್ಲಿ ಬಂದವರು, ಮಕ್ಕಳನ್ನು ಕರೆದುಕೊಂಡು ಬಂದ ಅಜ್ಜ ಅಜ್ಜಿಯರು.

ಇಲ್ಲಿಗೆ ಬಂದ ಮೊದಲ ಸೋಮವಾರ ಗೆಣಸಿನ ಉಂಡೆ ತೆಗೆದುಕೊಂಡೆ. ಇದನ್ನು ಮಾಡುವುದನ್ನು ನೋಡುವುದೇ ಒಂದು ಚಂದ. ಬೇಯಿಸಿ ಹಿಸುಕಿದ ಗೆಣಸಿಗೆ ಪಿಷ್ಟ, ಸಕ್ಕರೆ ಸೇರಿಸಿ ಗೋಲಿ ಗಾತ್ರದ ಉಂಡೆ ಮಾಡಿರುತ್ತಾರೆ. ಹದವಾದ ಎಣ್ಣೆಗೆ ಬಿಟ್ಟು, ಜಾಲರಿ ಸಟ್ಟುಗದಿಂದ ಬಾಣಲೆಯ ಬದಿಗೆ ಒತ್ತುತ್ತಾರೆ. ಬಿಡುತ್ತಾರೆ, ಮತ್ತೆ ಒತ್ತುತ್ತಾರೆ. ಒತ್ತಿದಷ್ಟೂ ಉಬ್ಬುತ್ತದೆ, ನಮ್ಮ ಪೂರಿಯ ಹಾಗೆ. ಕೊನೆಗೆ ಒಳಗೆ ಪೂರಾ ಟೊಳ್ಳು, ಹೊರಗೆ ಗರಿಗರಿ, ಕಚ್ಚಿದರೆ ಅಂಟಂಟು. ಒಂದು ಪೊಟ್ಟಣಕ್ಕೆ 40 ಡಾಲರ್ ಕೊಟ್ಟೆ. ಹಳದಿ ಗೆಣಸಿನದು, ನೇರಳೆ ಗೆಣಸಿನದು ಬೆರೆಸಿ ಕೊಡುತ್ತಾರೆ. ಆರಿದ ಮೇಲೆ ಇದು ರಬ್ಬರ್. ಮನೆಗೆ ಕಟ್ಟಿಸಿಕೊಂಡು ಹೋಗಬೇಡಿ.

ಗುರುವಾರ ಗಾರ್ಡನ್‌ಗೆ ಹೋದಾಗ ಗೆಣಸಿನ ಉಂಡೆಯ ಮುಂದೆ ಉದ್ದ ಸಾಲು. ಕ್ಯೂ ಮುಂದೆ ಸರಿದು ನೋಡಿದರೆ ಅದೇ ಅಮ್ಮ! ಸೋಮವಾರ ದಾದೊಂಗ್‌ನಲ್ಲಿ ನನಗೆ ಎರಡು ಉಂಡೆ ಜಾಸ್ತಿ ಹಾಕಿದ್ದವರು. ಅದೇ ಬಾಣಲೆ, ಅದೇ ಸಟ್ಟುಗ, ಅದೇ ಬೆಲೆ. ಗುರುತು ಹಿಡಿದು ನಕ್ಕರು, ಆದರೆ ಜಾಸ್ತಿ ಹಾಕಲಿಲ್ಲ. ಅಷ್ಟು ಜನ ಕಾಯುತ್ತಿರುವಾಗ ಯಾರು ತಾನೇ ಹಾಕುತ್ತಾರೆ?

ಅಲ್ಲಿಗೆ ನನ್ನ ಹೋಲಿಕೆಯ ಲೆಕ್ಕವೇ ಬದಲಾಯಿತು. ಎಷ್ಟೋ ಗಾಡಿಗಳು ಮೂರೂ ಕಡೆ ಸುತ್ತುತ್ತವೆ. ಹಾಗಿದ್ದರೆ "ಯಾವ ಮಾರ್ಕೆಟ್‌ನ ತಿಂಡಿ ರುಚಿ" ಅನ್ನುವ ಪ್ರಶ್ನೆಗೆ ಅರ್ಧ ಅರ್ಥವೇ ಇಲ್ಲ. ಕೇಳಬೇಕಾದ್ದು ಬೇರೆ. ಅದೇ ತಿಂಡಿ ಯಾವ ಕಡೆ ಬಿಸಿ ಬಿಸಿಯಾಗಿ, ಕೂತುಕೊಂಡು, ತಳ್ಳಾಟ ಇಲ್ಲದೆ ಸಿಗುತ್ತದೆ? ಈ ಪ್ರಶ್ನೆಗೆ ನನ್ನ ಉತ್ತರ ದಾದೊಂಗ್. ಅದರಲ್ಲೂ ಮಂಗಳವಾರ.

ನಾತದ ತೋಫುವಿನ ವಿಷಯದಲ್ಲಂತೂ ಇದು ನಿಜ. ಇದಕ್ಕೆ ಇಲ್ಲಿ ಚೌ ದೋಫು ಅನ್ನುತ್ತಾರೆ. ಹುಳಿ ಬರಿಸಿದ ನೀರಿನಲ್ಲಿ ನೆನೆಸಿ, ಕರಿದು, ಕತ್ತರಿಸಿ, ಮೇಲೆ ಬೆಳ್ಳುಳ್ಳಿ ಸಾಸು ಸುರಿದು, ಪಕ್ಕಕ್ಕೆ ಎಲೆಕೋಸಿನ ಹುಳಿ ಸಿಹಿ ಉಪ್ಪಿನಕಾಯಿ ಇಡುತ್ತಾರೆ. ವಾಸನೆ ಐವತ್ತು ಹೆಜ್ಜೆ ದೂರಕ್ಕೇ ಬರುತ್ತದೆ. ಮೊದಲ ಸಲ ನಾನು ಮೂಗು ಮುಚ್ಚಿಕೊಂಡೆ. ರೂಮ್‌ಮೇಟ್ ಮಾತ್ರ ಜೋರಾಗಿ ಉಸಿರೆಳೆದು, "ಹೋಯ್, ಇದು ನಮ್ಮ ಕಳಲೆ ನೆನೆಸಿದ ನೀರಿನ ವಾಸನೆ!" ಅಂದ. ಮಳೆಗಾಲದಲ್ಲಿ ಎಳೆ ಬಿದಿರನ್ನು ನೀರು ಬದಲಿಸುತ್ತಾ ಎರಡು ಮೂರು ದಿನ ಇಟ್ಟ ಮನೆಯವರಿಗೆ ಈ ತೋಫು ಹೊಸದೇನಲ್ಲ. ದಾದೊಂಗ್‌ನಲ್ಲಿ ತಗ್ಗು ಸ್ಟೂಲಿನ ಮೇಲೆ ಕೂತು, ಎಣ್ಣೆಯಿಂದ ತೆಗೆದ ಎರಡೇ ನಿಮಿಷಕ್ಕೆ ತಿಂದೆವು. ಗಾರ್ಡನ್‌ನಲ್ಲಿ ಅದನ್ನೇ ಪೊಟ್ಟಣದಲ್ಲಿ ಹಿಡಿದು ಜಾಗ ಹುಡುಕುವಷ್ಟರಲ್ಲಿ ಮೆತ್ತಗಾಗಿತ್ತು.

ವೂಶೆಂಗ್ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಮೂರರಲ್ಲಿ ಸಣ್ಣದು, ಒಂದು ಸುತ್ತು ಬರಲು ಅರ್ಧ ಗಂಟೆ ಸಾಕು. ಸುತ್ತಲಿನ ಮನೆಗಳವರು ಚಪ್ಪಲಿ ಮೆಟ್ಟಿಕೊಂಡು ರಾತ್ರಿ ಊಟಕ್ಕೆ ಬರುವ ಜಾಗ. ನಾವು ಬುಧವಾರ ಹೋದಾಗ ಸುಟ್ಟ ಜೋಳ ಚೆನ್ನಾಗಿತ್ತು. ಕೆಂಡದ ಮೇಲೆ ತಿರುಗಿಸುತ್ತಾ ದಪ್ಪ ಸಾಸು ಬಳಿಯುತ್ತಾರೆ. ನಿಂಬೆಹಣ್ಣು, ಉಪ್ಪು, ಖಾರದ ನೆನಪಾಗದೇ ಇರಲಿಲ್ಲ. ಇದೊಂದನ್ನೇ ನೋಡಲು ಬೇರೆ ಊರಿಂದ ಬರುವುದು ಬೇಡ. ಹತ್ತಿರದಲ್ಲೇ ರೂಮು ಹಿಡಿದಿದ್ದರೆ ಹೋಗಿ.

ಶವಪೆಟ್ಟಿಗೆ ಬ್ರೆಡ್ ಅಂತ ಒಂದಿದೆ. ಹುಟ್ಟಿದ್ದು ತೈನಾನ್‌ನಲ್ಲೇ. ದಪ್ಪ ಬ್ರೆಡ್ ಕರಿದು, ಮೇಲ್ಭಾಗ ಮುಚ್ಚಳದ ಹಾಗೆ ಕೊಯ್ದು, ಒಳಗೆ ಕೋಳಿ ಅಥವಾ ಸಿಗಡಿ ಹಾಕಿದ ಬಿಳಿ ಗೊಜ್ಜು ತುಂಬಿ ಮುಚ್ಚುತ್ತಾರೆ. ಹೆಸರು ಕೇಳಿ ಕುತೂಹಲ ಆಗುತ್ತದೆ ನಿಜ. ನಾಲ್ಕು ತುತ್ತು ತಿಂದ ಮೇಲೆ ನನಗೆ ಅದು ಎಣ್ಣೆ ಕುಡಿದ ಬ್ರೆಡ್ಡು, ಅಷ್ಟೇ. ಊರವರು ಬೈದುಕೊಳ್ಳಲಿ, ಪರವಾಗಿಲ್ಲ.

ನಡುವೆ ಒಂದು ಶುಕ್ರವಾರ ಕಾವ್‌ಸಿಯುಂಗ್‌ಗೂ ಹೋಗಿ ಬಂದೆವು. ಎಕ್ಸ್‌ಪ್ರೆಸ್ ರೈಲಿನಲ್ಲಿ ಅರ್ಧ ಗಂಟೆಯ ದಾರಿ. ಅಲ್ಲಿ ಎರಡು ರಾತ್ರಿ ಸಂತೆ ಹೆಸರುವಾಸಿ. ಲಿಯುಹೆ ಮಾರ್ಕೆಟ್ ಫಾರ್ಮೋಸಾ ಬುಲೆವಾರ್ಡ್ ಮೆಟ್ರೋ ನಿಲ್ದಾಣದ ಪಕ್ಕದಲ್ಲೇ. ನಿಲ್ದಾಣದ ಒಳಗಿನ ಬಣ್ಣದ ಗಾಜಿನ ಚಾವಣಿ ನೋಡಿಕೊಂಡು ಮೇಲೆ ಬಂದರೆ ಆಯಿತು. ದಿನಾ ಇರುತ್ತದೆ, ರಸ್ತೆ ಅಗಲ, ಪ್ರವಾಸಿಗಳು ಜಾಸ್ತಿ. ಪರಂಗಿಹಣ್ಣಿಗೆ ಹಾಲು ಹಾಕಿ ರುಬ್ಬಿ ಕೊಡುವುದಕ್ಕೆ ಇಲ್ಲಿ ಹೆಸರು. ರುಯ್‌ಫೆಂಗ್ ಇರುವುದು ಕಾವ್‌ಸಿಯುಂಗ್ ಅರೇನಾ ನಿಲ್ದಾಣದ ಹತ್ತಿರ. ಸೋಮವಾರ, ಬುಧವಾರ ಮುಚ್ಚಿರುತ್ತದೆ. ಇಕ್ಕಟ್ಟು, ಬಿಸಿ, ಗಲಾಟೆ, ಆದರೆ ಊರಿನ ಹುಡುಗ ಹುಡುಗಿಯರೆಲ್ಲ ಅಲ್ಲೇ. ನಿಮ್ಮ ಕೈಯಲ್ಲಿ ಒಂದೇ ರಾತ್ರಿ ಇದ್ದು, ವಾರ ಲೆಕ್ಕ ಹಾಕುವ ತಲೆನೋವು ಬೇಡ ಅಂದರೆ ಲಿಯುಹೆ. ತಿನ್ನುವುದೇ ಮುಖ್ಯ ಅಂದರೆ ರುಯ್‌ಫೆಂಗ್. ಎರಡನ್ನೂ ದಾದೊಂಗ್ ಪಕ್ಕ ಇಟ್ಟರೆ ನಾನು ರೈಲು ಹತ್ತಿ ವಾಪಸ್ಸು ಬರುತ್ತೇನೆ.

ಇಷ್ಟೂ ನನ್ನಂಥ ಎಲ್ಲ ತಿನ್ನುವವನ ಲೆಕ್ಕ. ಜನವರಿಯಲ್ಲಿ ಮೈಸೂರಿಂದ ಅಕ್ಕ ಬಂದಳು. ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಆಗ ಪೂರಾ ಲೆಕ್ಕ ಮತ್ತೆ ಹಾಕಬೇಕಾಯಿತು.

ತೈವಾನಿನಲ್ಲಿ ಸಸ್ಯಾಹಾರ ಕಷ್ಟ ಅಲ್ಲ. ಅಂಗಡಿ ಬೋರ್ಡಿನಲ್ಲಿ ಸ್ವಸ್ತಿಕ ಕಂಡರೆ ಸಾಕು, ಅದು ಬೌದ್ಧರ ಸಸ್ಯಾಹಾರಿ ಹೋಟೆಲು. ನಮ್ಮ ಸ್ವಸ್ತಿಕಕ್ಕೆ ತಿರುಗುಮುರುಗಾಗಿ ಬರೆದಿರುತ್ತಾರೆ. ಅಲ್ಲಿನ ಅಡುಗೆಗೆ ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ. ಅಕ್ಕನಿಗೆ ಮಠದ ಊಟ ಸಿಕ್ಕ ಹಾಗೆ ಆಯಿತು. ಆದರೆ ರಾತ್ರಿ ಸಂತೆಯಲ್ಲಿ ಈ ಬೋರ್ಡು ಅಪರೂಪ. "ವೋ ಚಿ ಸೂ", ಅಂದರೆ ನಾನು ಸಸ್ಯಾಹಾರಿ ಅಂತ ಹೇಳಿದರೂ ಹುಷಾರಾಗಿರಬೇಕು. ತೋಫು ನೆನೆಸುವ ನೀರಿಗೆ ಎಷ್ಟೋ ಕಡೆ ಸಿಗಡಿ ಹಾಕಿರುತ್ತಾರೆ. ಜೋಳಕ್ಕೆ ಬಳಿಯುವ ಸಾಸು ಯಾವುದರದ್ದೋ ಗೊತ್ತಿರುವುದಿಲ್ಲ. ಒಂದು ಅಂಗಡಿಯಲ್ಲಿ, ಯಾವ ಮಾರ್ಕೆಟ್ ಅಂತ ಹೇಳುವುದಿಲ್ಲ, ಅಣಬೆ ಸುಡಲು ಹೇಳಿದೆ. ನನ್ನ ಹರಕು ಮುರುಕು ಚೀನೀ ಭಾಷೆಗೆ ಅವನು ತಲೆಯಾಡಿಸಿದ. ಆಮೇಲೆ ಕೋಳಿ ತಿರುಗಿಸಿದ ಚಿಮಟದಲ್ಲೇ ಅಣಬೆ ಎತ್ತಿ ಕೊಟ್ಟ. ಅಕ್ಕ ನನ್ನ ಮುಖ ನೋಡಿದಳು. ಆ ಅಣಬೆ ನಾನೇ ತಿಂದೆ.

ಅವಳನ್ನು ಗಾರ್ಡನ್‌ಗೂ ಕರೆದುಕೊಂಡು ಹೋಗಿದ್ದೆ, ದಾದೊಂಗ್‌ಗೂ ಕರೆದುಕೊಂಡು ಹೋಗಿದ್ದೆ. ಈ ಪಂದ್ಯದಲ್ಲಿ ಗಾರ್ಡನ್ ಗೆದ್ದಿತು ಅಂತ ಒಪ್ಪಿಕೊಳ್ಳಲೇಬೇಕು. ಅಂಗಡಿಗಳು ಜಾಸ್ತಿ ಇರುವುದರಿಂದ ಅವಳಿಗೆ ಆಗುವಂಥದ್ದೂ ಜಾಸ್ತಿ ಸಿಕ್ಕಿತು. ಸೀಬೆಹಣ್ಣಿಗೆ ಪ್ಲಮ್ ಪುಡಿ ಉದುರಿಸಿ ಕೊಟ್ಟರು. ಉಪ್ಪು, ಹುಳಿ, ಸಿಹಿ ಒಟ್ಟಿಗೆ. ಕಡಲೆಕಾಯಿ ಚಿಕ್ಕಿಯ ದೊಡ್ಡ ಅಚ್ಚನ್ನು ತುರಿದು, ತೆಳ್ಳನೆಯ ಹಾಳೆಯಂಥ ರೊಟ್ಟಿಯ ಮೇಲೆ ಹರಡಿ, ಎರಡು ಉಂಡೆ ಐಸ್‌ಕ್ರೀಂ ಇಟ್ಟು, ಮೇಲೆ ಕೊತ್ತಂಬರಿ ಸೊಪ್ಪು ಹಾಕಿ ಸುತ್ತುತ್ತಾರೆ. ಐಸ್‌ಕ್ರೀಂ ಜೊತೆ ಕೊತ್ತಂಬರಿಯೇ ಅಂತ ಅಕ್ಕ ಮೂಗು ಮುರಿದಳು. ಒಂದು ಕಡಿತ ಆದ ಮೇಲೆ ನನಗೆ ಉಳಿಸಲಿಲ್ಲ. ಆಟದ ಅಂಗಡಿಯಲ್ಲಿ ಬಲೂನು ಒಡೆದು ಒಂದು ಸಣ್ಣ ಗೊಂಬೆಯನ್ನೂ ಗೆದ್ದಳು. ಸಸ್ಯಾಹಾರಿಗಳಿಗೆ, ಮಕ್ಕಳಿಗೆ, ಮೊದಲ ಸಲ ಬಂದವರಿಗೆ ಗಾರ್ಡನ್ನೇ ಸರಿ. ಆದರೆ ಗುರುವಾರ ಹೋಗಿ, ಆರು ಗಂಟೆಗೇ ಹೋಗಿ. ಕೈಯಲ್ಲಿ ಚಿಲ್ಲರೆ ಇರಲಿ, ಬಹಳ ಕಡೆ ಕಾರ್ಡು ನಡೆಯುವುದಿಲ್ಲ.

ಬೂದುಗುಂಬಳದ ಚಹಾ ಬಾಕಿ ಉಳಿಯಿತು. ಹೆಸರಿಗೆ ಚಹಾ, ಅದರಲ್ಲಿ ಚಹಾ ಎಲೆ ಇರುವುದಿಲ್ಲ. ಬೂದುಗುಂಬಳವನ್ನು ಕಂದು ಸಕ್ಕರೆಯಲ್ಲಿ ಗಂಟೆಗಟ್ಟಲೆ ಕುದಿಸಿ, ಐಸು ಹಾಕಿ ಕೊಡುತ್ತಾರೆ. ಜೋನಿಬೆಲ್ಲದ ಪಾನಕದ ಹಾಗೆ ಇರುತ್ತದೆ. ಮೂರೂ ಕಡೆ ಒಂದೇ ರುಚಿ, ಇದರಲ್ಲಿ ಗೆದ್ದವರೂ ಇಲ್ಲ, ಸೋತವರೂ ಇಲ್ಲ. ಅಕ್ಕ ಹೊರಡುವ ಹಿಂದಿನ ದಿನ ಶುಕ್ರವಾರ, ಹಾಗಾಗಿ ದಾದೊಂಗ್. ಗೆಣಸಿನ ಉಂಡೆಯ ಅಮ್ಮ ಈ ಸಲ ಮೂರು ಉಂಡೆ ಜಾಸ್ತಿ ಹಾಕಿದರು. ಸ್ಟೂಲಿನ ಮೇಲೆ ಕೂತು ಅಕ್ಕ ಅರ್ಧ ಲೋಟ ಕುಡಿದ ಮೇಲೆ, ಇದು ಯಾವುದರದ್ದು ಅಂತ ಕೇಳಿದಳು. ಹೇಳಿದೆ. ಲೋಟವನ್ನು ದೀಪಕ್ಕೆ ಹಿಡಿದು ನೋಡಿದಳು.

"ನಾವು ದೃಷ್ಟಿ ಆಗಬಾರದು ಅಂತ ಬಾಗಿಲಿಗೆ ಕಟ್ಟೋದನ್ನ ಇವರು ಕುಡೀತಾರಲ್ಲೋ!"

ಆಮೇಲೆ ಇನ್ನೊಂದು ಲೋಟ ತರಲು ನನ್ನನ್ನೇ ಕಳಿಸಿದಳು.