ಎಡಬದಿಯ ಅಲಕ್ಷ್ಯಕ್ಕೆ ಮೂರು ಅಭ್ಯಾಸಗಳು: ಕಾಗದ, ಪ್ರಿಸಂ, ಎಆರ್

ತಂದೆಯವರ ಮಿದುಳಿನ ಬಲಭಾಗಕ್ಕೆ ಸ್ಟ್ರೋಕ್ ಆದ ಮೇಲೆ, ಎಡಗೈಯ ನಿಶ್ಶಕ್ತಿಗಿಂತಲೂ ನಮ್ಮನ್ನು ಹೆಚ್ಚು ಕಂಗೆಡಿಸಿದ್ದು ಅವರ ಪಾಲಿಗೆ ಎಡಬದಿಯೆಂಬುದೇ ಇಲ್ಲವಾದದ್ದು. ತಟ್ಟೆಯ ಬಲ ಅರ್ಧವನ್ನು ಮಾತ್ರ ಉಂಡು ಏಳುತ್ತಿದ್ದರು. ಬಲಗೆನ್ನೆಯನ್ನಷ್ಟೇ ಬೋಳಿಸಿಕೊಂಡು ಕ್ಷೌರ ಮುಗಿಯಿತೆನ್ನುತ್ತಿದ್ದರು. ಸ್ಪೇಷಿಯಲ್ ನೆಗ್ಲೆಕ್ಟ್ ಎಂದು ವೈದ್ಯರು ಕರೆಯುವ ಈ ತೊಂದರೆಯಲ್ಲಿ ಕಣ್ಣು ಸರಿಯಾಗಿದ್ದರೂ ಗಮನ ಆ ಕಡೆಗೆ ಹರಿಯುವುದಿಲ್ಲ, ಮತ್ತು ಹರಿಯುತ್ತಿಲ್ಲವೆಂಬುದು ರೋಗಿಗೆ ತಿಳಿಯದೆಯೂ ಇರಬಹುದು. ಥೆರಪಿಸ್ಟ್ ಅವರ ಮಾರ್ಗದರ್ಶನದಲ್ಲಿ ನಾವು ಮೂರು ವಿಧಾನಗಳನ್ನು ಒಂದರ ನಂತರ ಒಂದರಂತೆ ಪ್ರಯತ್ನಿಸಿದೆವು. ಮೊದಲ ತಿಂಗಳುಗಳಲ್ಲಿ ಮಿದುಳು ತಾನಾಗಿಯೂ ಚೇತರಿಸಿಕೊಳ್ಳುವುದರಿಂದ, ಕೊನೆಗೆ ಬಂದ ವಿಧಾನಕ್ಕೆ ಹೆಚ್ಚು ಅಂಕ ಸಿಗುವ ಅಪಾಯ ಈ ಹೋಲಿಕೆಯಲ್ಲಿ ಇದ್ದೇ ಇದೆ.

ಮೊದಲನೆಯದು ಕಾಗದದ ಅಭ್ಯಾಸ. ಪುಟದ ಎಡ ಅಂಚಿಗೆ ದಪ್ಪ ಕೆಂಪು ಗೆರೆ ಎಳೆದು, ಆ ಗೆರೆ ಕಣ್ಣಿಗೆ ಬೀಳುವವರೆಗೆ ಓದಲು ಆರಂಭಿಸಬಾರದೆಂಬ ನಿಯಮ. ಮೇಜಿನ ಮುಂದೆ ಇದು ಚೆನ್ನಾಗಿಯೇ ಫಲಿಸಿತು. ಆದರೆ ಎಡಕ್ಕೆ ನೋಡಬೇಕೆಂಬುದನ್ನು ನೆನಪಿಡಬೇಕಾದವರು, ತಮಗೇನೂ ಆಗಿಲ್ಲವೆಂದು ನಂಬಿದ್ದ ತಂದೆಯವರೇ. ಹೀಗಾಗಿ ನೆನಪಿಸುವ ಕೆಲಸ ನಮ್ಮ ಪಾಲಿಗೆ ಬಂತು, ಅದರೊಂದಿಗೆ ಅವರ ಸಿಡುಕೂ ಬಂತು.

ಪ್ರಿಸಂ ಕನ್ನಡಕದ ಹೆಚ್ಚುಗಾರಿಕೆ ಇರುವುದು ಇಲ್ಲಿಯೇ: ಅದು ರೋಗಿಯ ಅರಿವನ್ನು ಬೇಡುವುದಿಲ್ಲ. ಗಾಜು ನೋಟವನ್ನು ಬಲಕ್ಕೆ ಸರಿಸುತ್ತದೆ. ಗುರಿಯನ್ನು ಮುಟ್ಟಹೋದ ಬೆರಳು ಮೊದಮೊದಲು ಬಲಕ್ಕೆ ತಪ್ಪುತ್ತದೆ. ಪದೇ ಪದೇ ಮುಟ್ಟುತ್ತಾ ಕೈ ತನ್ನನ್ನು ತಿದ್ದಿಕೊಳ್ಳುತ್ತದೆ. ಕನ್ನಡಕ ತೆಗೆದ ಬಳಿಕ ಆ ತಿದ್ದುಪಡಿ ಉಳಿದುಕೊಂಡು ಕೈಯನ್ನು ಎಡಕ್ಕೆ ಎಳೆಯುತ್ತದೆ. ಈವ್ ರೊಸೆಟ್ಟಿ ಮತ್ತು ಸಂಗಡಿಗರು 10 ಡಿಗ್ರಿಯ ಪ್ರಿಸಂನಿಂದ ನೆಗ್ಲೆಕ್ಟ್ ತಗ್ಗುವುದನ್ನು 1998ರಲ್ಲಿ ಪ್ರಕಟಿಸಿದರು. ಅನಂತರದ ಅಧ್ಯಯನಗಳ ಫಲಿತಾಂಶಗಳು ಒಂದೇ ಬಗೆಯಾಗಿಲ್ಲ. ನಮ್ಮಲ್ಲಿ, ಗೆರೆಯ ನಡುವನ್ನು ಗುರುತಿಸುವ ಪರೀಕ್ಷೆಯಲ್ಲಿ ಬಲಕ್ಕೆ ಬೀಳುತ್ತಿದ್ದ ಗುರುತು ಕೆಲವೇ ದಿನಗಳಲ್ಲಿ ನಡುವಿನತ್ತ ಸರಿಯಿತಾದರೂ, ಕ್ಷೌರದಲ್ಲಿ ಅಷ್ಟು ಬದಲಾವಣೆ ಕಾಣಲಿಲ್ಲ.

ಮೂರನೆಯದು ಎಆರ್ (ಆಗ್ಮೆಂಟೆಡ್ ರಿಯಾಲಿಟಿ), ಅಂದರೆ ಕಣ್ಣೆದುರಿನ ನಿಜ ನೋಟದ ಮೇಲೆ ಕೃತಕ ಚಿತ್ರ ಮೂಡಿಸುವ ತಂತ್ರ. ತಲೆಗೆ ತೊಡುವ ಎಆರ್ ಹೆಡ್‌ಸೆಟ್‌ನ ಆಕರ್ಷಣೆಯೆಂದರೆ, ಅಭ್ಯಾಸ ನಡೆಯುವುದು ರೋಗಿ ಬಾಳುವ ಕೋಣೆಯಲ್ಲಿಯೇ. ನಿಜವಾದ ಮೇಜಿನ ಮೇಲೆ ಕೃತಕ ಚೆಂಡೊಂದು ಕಾಣುತ್ತದೆ, ಅದನ್ನು ಹುಡುಕಿ ಮುಟ್ಟಬೇಕು. ತಲೆ ಎಷ್ಟು ತಿರುಗಿತು, ಎಷ್ಟು ಹೊತ್ತು ಹಿಡಿಯಿತು ಎಂಬುದನ್ನು ಯಂತ್ರವೇ ದಾಖಲಿಸುತ್ತದೆ. ಆದರೆ ಮೊದಲ ದಿನಗಳು ವ್ಯರ್ಥವಾದವು. ಎಡಕ್ಕೆ ತಿರುಗಿರೆಂದು ಸೂಚಿಸುವ ಬಾಣವನ್ನು ತೋರಿಸುತ್ತಿದ್ದುದೇ ಪರದೆಯ ಎಡ ಅಂಚಿನಲ್ಲಿ. ಕಾಣದ ಬದಿಯಲ್ಲಿ ಕೈಮರ ನೆಟ್ಟಂತಾಗಿತ್ತು! ಸೂಚನೆ ಬಲಗಡೆ ಹುಟ್ಟಿ, ಹಂತಹಂತವಾಗಿ ಎಡಕ್ಕೆ ಜಾರುವಂತೆ ಥೆರಪಿಸ್ಟ್ ಬದಲಿಸಿದ ಮೇಲೆಯೇ ತಂದೆಯವರ ಕಣ್ಣು ಅದನ್ನು ಹಿಂಬಾಲಿಸತೊಡಗಿತು. ಇನ್ನೊಂದು ಮಿತಿ ಈ ಬಗೆಯ ಉಪಕರಣಗಳಿಗೇ ಸೇರಿದ್ದು: ಮೈಕ್ರೋಸಾಫ್ಟ್‌ನ ಹೆಸರಾಂತ ಹೆಡ್‌ಸೆಟ್ ಹೋಲೋಲೆನ್ಸ್ 2ರಲ್ಲಿಯೂ ಕೃತಕ ಚಿತ್ರ ಮೂಡುವುದು ಅಡ್ಡಗಲದ ಸುಮಾರು 43 ಡಿಗ್ರಿಯೊಳಗೆ ಮಾತ್ರ, ತೂಕವೋ 566 ಗ್ರಾಂ. ನೋಟವನ್ನು ಹಿಗ್ಗಿಸಬೇಕಾದ ಸಾಧನವೇ ಕಿರಿದಾದ ಕಿಟಕಿಯ ಮೂಲಕ ನೋಡಿಸುತ್ತದೆ. ಇಪ್ಪತ್ತು ನಿಮಿಷ ದಾಟಿದರೆ ಕತ್ತು ಸೋಲುತ್ತದೆ. ಟ್ಯಾಬ್ಲೆಟ್‌ನಲ್ಲಿಯೂ ಎಆರ್ ಪ್ರಯತ್ನಿಸಿದ್ದುಂಟು. ಹಿಡಿಯಲು ಒಂದು ಕೈ, ಮುಟ್ಟಲು ಇನ್ನೊಂದು ಕೈ ಬೇಕಾದ್ದರಿಂದ ವಾರದಲ್ಲೇ ಬಿಟ್ಟೆವು.

ಮೂರನ್ನೂ ತೂಗಲು ನಾವು ಹೆಚ್ಚಾಗಿ ನಂಬಿದ್ದು ಕ್ಯಾಥರೀನ್ ಬೆರ್ಜೆಗೊ ಮಾಪನವನ್ನು. ಉಡುವುದು, ಉಣ್ಣುವುದು, ಓಡಾಡುವುದು ಮೊದಲಾದ ಹತ್ತು ದಿನಬಳಕೆಯ ವಿಷಯಗಳಿಗೆ ತಲಾ 0ಯಿಂದ 3ರವರೆಗೆ ಅಂಕವಿರುವ ಇದರಲ್ಲಿ, ಮೊತ್ತ ಕಡಿಮೆಯಾದಷ್ಟೂ ಒಳ್ಳೆಯದು. ಎಆರ್ ಅವಧಿಯಲ್ಲಿ ಈ ಮೊತ್ತ ಇಳಿದದ್ದು ನಿಜ. ಆದರೆ ಸೂಚನೆಗಳನ್ನು ಒಮ್ಮೆಲೇ ನಿಲ್ಲಿಸಿದ ವಾರ ಮತ್ತೆ ಏರಿತು. ಸೂಚನೆಯನ್ನು ದಿನದಿನಕ್ಕೆ ಮಸುಕಾಗಿಸುತ್ತಾ ಬಂದಾಗಲಷ್ಟೇ ಗಳಿಕೆ ಉಳಿಯಿತು. ಆದ್ದರಿಂದ, ತನ್ನ ಕೊರತೆಯ ಅರಿವಿಲ್ಲದವರಿಗೆ ಮೊದಲು ಪ್ರಿಸಂ, ಅರಿವು ಮೂಡಿದ ಮೇಲೆ ಎಆರ್ ಎಂಬ ಕ್ರಮವೇ ನನಗೆ ಸರಿಯೆನಿಸುತ್ತದೆ. ಕೆಂಪು ಗೆರೆಯನ್ನಂತೂ ಓದುವಾಗ ಇಂದಿಗೂ ಬಿಟ್ಟಿಲ್ಲ. ತಂದೆಯವರು ಈಗ ಎರಡೂ ಕೆನ್ನೆ ಬೋಳಿಸಿಕೊಳ್ಳುತ್ತಾರೆ. ನಡೆಯುವಾಗ ಯಾರಾದರೂ ಮಾತನಾಡಿಸಿದರೆ ಮಾತ್ರ ಎಡಭುಜ ಬಾಗಿಲ ಚೌಕಟ್ಟಿಗೆ ತಾಗುತ್ತದೆ. ಆ ಎರಡು ಕೆಲಸಗಳನ್ನು ಒಟ್ಟಿಗೆ ಮಾಡುವ ಅಭ್ಯಾಸವನ್ನು ನಾವು ಮೂರರಲ್ಲಿ ಯಾವುದರಲ್ಲಿಯೂ ಮಾಡಿಸಿರಲಿಲ್ಲ.